ಕಿವಿಮೊರೆತಕ್ಕೊಂದು ಯಂತ್ರ: ಎಷ್ಟು ನಂಬಬಹುದು?



ಕಿವಿಯೊಳಗಿನ ಮೊರೆತವನ್ನು ಕರೆಂಟಿನಿಂದ ಅಡಗಿಸಬಹುದು ಎಂಬ ಆಸೆಗೆ ಇನ್ನೂರು ವರ್ಷ ದಾಟಿದೆ. 1800ರಲ್ಲಿ ವೋಲ್ಟಾ ತಾನು ಕಟ್ಟಿದ ಬ್ಯಾಟರಿಯ ಎರಡು ತುದಿಗಳನ್ನು ತನ್ನ ಕಿವಿಗಳಿಗೇ ಜೋಡಿಸಿಕೊಂಡು, ಏನೋ ಕುದಿಯುವಂಥ ಸದ್ದು ಕೇಳಿಸಿತೆಂದು ಬರೆದ. ಮರುವರ್ಷವೇ ಬರ್ಲಿನ್ನಿನ ವೈದ್ಯ ಗ್ರಾಪೆನ್‌ಗೀಸರ್ ಅದೇ ಕರೆಂಟನ್ನು ಕಿವಿಮೊರೆತದ ರೋಗಿಗಳ ಮೇಲೆ ಪ್ರಯೋಗಿಸಿದ್ದನ್ನು ಪ್ರಕಟಿಸಿದ. ಅಲ್ಲಿಂದ ಇಲ್ಲಿಯವರೆಗೆ ಯಂತ್ರಗಳು ಬಂದಿವೆ, ಹೋಗಿವೆ. ಮೊರೆತ ಉಳಿದುಕೊಂಡಿದೆ. 2022ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಕಂಡುಕೊಂಡಂತೆ, ವಯಸ್ಕರಲ್ಲಿ ನೂರಕ್ಕೆ ಸುಮಾರು 14 ಜನರಿಗೆ ಇದರ ಅನುಭವವಿದೆ. ಇಬ್ಬರಿಗೆ ಅದು ತೀವ್ರವಾಗಿದೆ.

ಆ ಇಬ್ಬರು ನಮ್ಮ ಕೊಠಡಿಗೆ ಬರುವವರು. ಮಾತ್ರೆ ನುಂಗಿ, ಬೆಚ್ಚಗಿನ ಎಣ್ಣೆ ಹಾಕಿಸಿಕೊಂಡು, ಎರಡು ಕಡೆ ಸ್ಕ್ಯಾನ್ ಮಾಡಿಸಿ, ಕೊನೆಗೆ ಫೋನಿನಲ್ಲಿ ಒಂದು ವಿಡಿಯೊ ತೋರಿಸಿ ಕೇಳುತ್ತಾರೆ: "ಡಾಕ್ಟ್ರೇ, ಅಮೆರಿಕದಲ್ಲಿ ಮಷಿನ್ ಕಂಡುಹಿಡಿದಿದ್ದಾರಂತಲ್ಲ, ಇಲ್ಲಿಗೆ ಯಾವಾಗ ಬರುತ್ತೆ?" ಈ ಪ್ರಶ್ನೆಗೆ ನಾವು ಕೊಡಬೇಕಾದ ಉತ್ತರ ಏನು ಎಂಬುದೇ ಇವತ್ತಿನ ವಿಚಾರಸಂಕಿರಣದ ಆಶಯ ಎಂದು ತಿಳಿದು ಮಾತಾಡುತ್ತೇನೆ.

ಅವರು ಕೇಳುವ ಯಂತ್ರ ಬಹುಮಟ್ಟಿಗೆ ಮಿಷಿಗನ್ ವಿಶ್ವವಿದ್ಯಾಲಯದ ಸೂಸನ್ ಶೋರ್ ಅವರ ತಂಡದ್ದು. ಅದರ ಹಿಂದಿನ ವಿಚಾರ ನನಗೆ ತುಂಬ ಹಿಡಿಸಿದ್ದು. ಮಿದುಳಿನ ಕಾಂಡದಲ್ಲಿ ಡಾರ್ಸಲ್ ಕಾಕ್ಲಿಯರ್ ನ್ಯೂಕ್ಲಿಯಸ್ ಎಂಬ ಪುಟ್ಟ ಭಾಗವಿದೆ. ಕಿವಿಯಿಂದ ಬರುವ ಸಂಕೇತಗಳು ಮೊದಲು ತಲುಪುವ ತಾಣಗಳಲ್ಲಿ ಅದೂ ಒಂದು. ಮುಖ, ದವಡೆ, ಕತ್ತಿನ ನರಗಳಿಂದಲೂ ಅಲ್ಲಿಗೆ ಸಂಕೇತ ಬರುತ್ತದೆ. ಕಿವಿಯ ಕಡೆಯಿಂದ ಬರುವುದು ಕುಂದಿದಾಗ ಅಲ್ಲಿನ ಫ್ಯೂಸಿಫಾರ್ಮ್ ಜೀವಕೋಶಗಳು ದೇಹದ ಕಡೆಯ ಸಂಕೇತಗಳಿಗೆ ಅತಿಯಾಗಿ ಸ್ಪಂದಿಸತೊಡಗುತ್ತವೆ, ಹೊರಗೆ ಸದ್ದಿಲ್ಲದಿದ್ದರೂ ಒಟ್ಟೊಟ್ಟಿಗೆ ಮಿಡಿಯುತ್ತವೆ. ಗಿನಿಪಿಗ್‌ಗಳಲ್ಲಿ ಶೋರ್ ತಂಡ ಇದನ್ನು ವರ್ಷಗಟ್ಟಲೆ ಬೆನ್ನುಹತ್ತಿತು. ಒಂದು ಸದ್ದು, ಕತ್ತು ಅಥವಾ ಕೆನ್ನೆಯ ಚರ್ಮದ ಮೇಲೆ ಒಂದು ಸಣ್ಣ ವಿದ್ಯುತ್ ಮಿಡಿತ, ಎರಡರ ನಡುವೆ ಕೆಲವೇ ಮಿಲಿಸೆಕೆಂಡುಗಳ ಅಂತರ. ಯಾವುದು ಮೊದಲು, ಯಾವುದು ಆಮೇಲೆ, ಎಷ್ಟು ಅಂತರ ಎಂಬುದರ ಮೇಲೆ ಆ ಜೀವಕೋಶಗಳ ಅಬ್ಬರ ಏರುತ್ತದೆ ಅಥವಾ ಇಳಿಯುತ್ತದೆ. ಇಳಿಸುವ ಅಂತರವನ್ನು ಹುಡುಕಿ ಅದನ್ನೇ ಚಿಕಿತ್ಸೆ ಮಾಡಿದರು.

ಇದನ್ನು ನಂಬಲು ಪ್ರಯೋಗಾಲಯಕ್ಕೇ ಹೋಗಬೇಕಿಲ್ಲ. ಮುಂದಿನ ರೋಗಿಗೆ "ಹಲ್ಲು ಕಚ್ಚಿ ಹಿಡಿಯಿರಿ" ಅನ್ನಿ. ಆಮೇಲೆ ಕೆಳದವಡೆಯನ್ನು ಮುಂದಕ್ಕೆ ತಳ್ಳಲು ಹೇಳಿ. ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಲು ಹೇಳಿ, ನಿಮ್ಮ ಅಂಗೈಯಿಂದ ಮೆಲ್ಲಗೆ ತಡೆಯಿರಿ. ಎಷ್ಟೋ ಜನ ಬೆರಗಾಗುತ್ತಾರೆ: "ಅರೆ, ಸದ್ದು ಜಾಸ್ತಿ ಆಯ್ತು!" ಕೆಲವರಿಗೆ ಅದರ ಸ್ವರವೇ ಬದಲಾಗುತ್ತದೆ. ಕಿವಿಯ ರೋಗ ಎಂದುಕೊಂಡು ಬಂದವರಿಗೆ ದವಡೆಗೂ ಮೊರೆತಕ್ಕೂ ಇರುವ ನಂಟು ಅಲ್ಲೇ ಗೊತ್ತಾಗುತ್ತದೆ. ಮಿಷಿಗನ್ ಪ್ರಯೋಗಕ್ಕೆ ಆರಿಸಿಕೊಂಡದ್ದು ಇಂಥವರನ್ನೇ.

2018ರಲ್ಲಿ 20 ಜನರ ಮೇಲಿನ ಫಲಿತಾಂಶ ಹೊರಬಂತು. 2023ರಲ್ಲಿ 99 ಜನರದ್ದು. ಮನೆಯಲ್ಲೇ ದಿನಕ್ಕೆ ಅರ್ಧ ಗಂಟೆ, ಆರು ವಾರ. ಅರ್ಧದಷ್ಟು ಮಂದಿಗೆ ಮೊದಲು ನಿಜವಾದ ಚಿಕಿತ್ಸೆ. ಉಳಿದವರಿಗೆ ಅದೇ ಯಂತ್ರದಿಂದ ಬರೀ ಸದ್ದು. ಆರು ವಾರ ಬಿಡುವು, ಆಮೇಲೆ ಅದಲುಬದಲು. ತಮಗೆ ಸಿಗುತ್ತಿರುವುದು ಯಾವುದೆಂದು ರೋಗಿಗೂ ತಿಳಿದಿರಲಿಲ್ಲ, ಪರೀಕ್ಷಿಸುವವರಿಗೂ ತಿಳಿದಿರಲಿಲ್ಲ. ಜೋಡಿ ಚಿಕಿತ್ಸೆಯಲ್ಲಿ ಮೊರೆತದ ಜೋರೂ ಅದು ಕೊಡುವ ಕಾಟವೂ ಹೆಚ್ಚು ತಗ್ಗಿದವು.

ಈ ಹೋಲಿಕೆಗೆ ನಾನು ಇಷ್ಟು ಬೆಲೆ ಕೊಡುವುದಕ್ಕೆ ಕಾರಣವಿದೆ. ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆಯಿದೆ, ಕಿವುಡಿಗೆ ಆಡಿಯೋಗ್ರಾಮ್ ಇದೆ. ಮೊರೆತವನ್ನು ಹೊರಗಿನಿಂದ ಅಳೆಯುವ ಮೀಟರ್ ಇಲ್ಲ. ರೋಗಿ ಹೇಳಿದ್ದೇ ಅಳತೆ. ನಾವು ಬಳಸುವ ಪ್ರಶ್ನಾವಳಿಗಳಲ್ಲಿ 25 ಪ್ರಶ್ನೆ, ನೂರಕ್ಕೆ ಅಂಕ. ಹೊಸ ಯಂತ್ರ ಸಿಕ್ಕಿತೆಂಬ ಖುಷಿಗೇ ಆ ಅಂಕ ಇಳಿಯಬಲ್ಲದು. ಯಾರೋ ಪೂರ್ತಿ ಮಾತು ಕೇಳಿಸಿಕೊಂಡರೆಂಬ ಸಮಾಧಾನಕ್ಕೂ ಇಳಿಯುತ್ತದೆ. ಅದು ಕೆಟ್ಟದ್ದೇನಲ್ಲ, ಆದರೆ ಅದರ ಲೆಕ್ಕವನ್ನು ಯಂತ್ರದ ಖಾತೆಗೆ ಬರೆಯುವಂತಿಲ್ಲ.

ಡಬ್ಲಿನ್ನಿನ ಲೆನೈರ್ ಯಂತ್ರವನ್ನೂ ಇದೇ ಕಣ್ಣಿನಿಂದ ನೋಡಿ. ಅದು ಕಿವಿಗೆ ಸದ್ದು ಕೊಡುತ್ತ ನಾಲಗೆಗೆ ಮಿಡಿತ ಕೊಡುತ್ತದೆ. 326 ಜನರ ಅದರ ಮೊದಲ ದೊಡ್ಡ ಅಧ್ಯಯನ 2020ರಲ್ಲಿ ಬಂತು, ಅಲ್ಲಿ ಹುಸಿ ಚಿಕಿತ್ಸೆಯ ಗುಂಪೇ ಇರಲಿಲ್ಲ. ಆಮೇಲಿನ 112 ಜನರ ಅಧ್ಯಯನದಲ್ಲಿ ಎಲ್ಲರಿಗೂ ಆರು ವಾರ ಬರೀ ಸದ್ದು, ನಂತರದ ಆರು ವಾರ ಜೋಡಿ. ಮಧ್ಯಮ ಅಥವಾ ಅದಕ್ಕೂ ಹೆಚ್ಚಿನ ತೊಂದರೆಯವರಿಗೆ ಜೋಡಿಯಿಂದ ಹೆಚ್ಚು ಫಲ ಕಂಡಿತು. ಅಮೆರಿಕದ ಎಫ್‌ಡಿಎ 2023ರ ಮಾರ್ಚ್‌ನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಒಳ್ಳೆಯದೇ. ಆದರೂ ಮಿಷಿಗನ್ನಿನ ಹೋಲಿಕೆ ನನಗೆ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ.

ಇಲಿಗಳಲ್ಲಿ ಗೆದ್ದದ್ದು ಮನುಷ್ಯರಲ್ಲೂ ಗೆಲ್ಲಬೇಕೆಂದಿಲ್ಲ. ವೇಗಸ್ ನರಕ್ಕೆ ಮಿಡಿತ ಕೊಡುತ್ತ ಸ್ವರಗಳನ್ನು ಕೇಳಿಸಿ ಇಲಿಗಳ ಮೊರೆತ ಅಳಿಸಿದ 2011ರ ವರದಿ ಎಷ್ಟು ಸದ್ದು ಮಾಡಿತ್ತು! ಆ ತಂತ್ರಕ್ಕೆ 2021ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು ಪಾರ್ಶ್ವವಾಯು ಬಡಿದವರ ಕೈಗೆ ಶಕ್ತಿ ತುಂಬಲು. ವಿಜ್ಞಾನದ ದಾರಿ ಹೀಗೂ ತಿರುಗುತ್ತದೆ.

ಹಾಗಾದರೆ ಆ ವಿಡಿಯೊ ತೋರಿಸಿದವರಿಗೆ ಏನು ಹೇಳೋಣ? "ಇದರ ಜೊತೆಗೇ ಬದುಕಬೇಕು, ಅಭ್ಯಾಸ ಮಾಡ್ಕೊಳ್ಳಿ" ಎಂದು ಚೀಟಿ ಹರಿದುಕೊಟ್ಟು ಕಳಿಸುವುದು ಬೇಡ. ನಮ್ಮಲ್ಲಿ ಆ ಮಾತು ಬಹಳ ಸಲೀಸಾಗಿ ಬಾಯಿಗೆ ಬರುತ್ತದೆ. ಕಿವಿ ಮಂದವಾಗಿದ್ದರೆ ಕಿವಿ ಮಷಿನ್ ಹಾಕಿಸಿ. ಹೊರಗಿನ ಸದ್ದು ಒಳಗೆ ಬಂದರೆ ಎಷ್ಟೋ ಮಂದಿಗೆ ಮೊರೆತ ಹಿಂದೆ ಸರಿಯುತ್ತದೆ. ನಿದ್ದೆಗೆಟ್ಟು ಕಂಗಾಲಾದವರಿಗೆ ಸಿಬಿಟಿ ಎಂಬ ಆಪ್ತಸಮಾಲೋಚನೆಯ ಕ್ರಮವಿದೆ, ಅದಕ್ಕೆ ಒಳ್ಳೆಯ ಆಧಾರವಿದೆ. ಒಂದೇ ಕಿವಿಯಲ್ಲಿ ಮೊರೆತವಿದ್ದರೆ, ನಾಡಿ ಬಡಿದಂತೆ ಕೇಳಿಸಿದರೆ ಮೊದಲು ಕಾರಣ ಹುಡುಕಿ. ಇವಿಷ್ಟೂ ಇವತ್ತೇ ನಮ್ಮ ಕೈಯಲ್ಲಿದೆ.

ಯಂತ್ರದ ವಿಚಾರದಲ್ಲಿ ನಮ್ಮದೇ ಒಂದು ತೊಡಕಿದೆ. ಮಿಷಿಗನ್ನಿನವರು ಆರಿಸಿಕೊಂಡವರ ಶ್ರವಣನಷ್ಟ ಮಧ್ಯಮ ಮಟ್ಟವನ್ನು ಮೀರಿರಲಿಲ್ಲ. ಮಗ್ಗದ ಶೆಡ್ಡಿನಲ್ಲಿ, ಕಲ್ಲು ಕ್ರಷರ್ ಪಕ್ಕದಲ್ಲಿ ಜೀವಮಾನ ಕಳೆದು ಬರುವ ನಮ್ಮ ರೋಗಿಗಳಲ್ಲಿ ಎಷ್ಟು ಜನ ಆ ಅಳತೆಗೆ ಸಿಗುತ್ತಾರೆ? ಊಹೆಯಿಂದ ಹೇಳುವ ಹಾಗಿಲ್ಲ, ಎಣಿಸಬೇಕು. ಎಣಿಸುವುದಕ್ಕೆ ಆಡಿಯೋಗ್ರಾಮ್ ಪಕ್ಕದಲ್ಲೇ ಎರಡು ಸಾಲು ಸಾಕು: ದವಡೆ, ಕತ್ತು ಆಡಿಸಿದಾಗ ಸದ್ದು ಬದಲಾಯಿತೇ? ಪ್ರಶ್ನಾವಳಿಯ ಅಂಕ ಎಷ್ಟು? 1965ರಿಂದ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಇಟ್ಟುಕೊಂಡಿರುವ ನಾಡಿಗೆ ಇದು ಅಸಾಧ್ಯದ ಕೆಲಸವೇನಲ್ಲ. ನಾಳೆ ಯಾರಾದರೂ ಯಂತ್ರ ಹಿಡಿದು ಬಾಗಿಲಿಗೆ ಬಂದರೆ, ಅದು ಯಾರಿಗೆ ಹೊಂದುತ್ತದೆ, ಯಾರಿಗೆ ಹೊಂದುವುದಿಲ್ಲ ಎಂದು ಹೇಳಲು ಆಗ ನಮ್ಮ ಹತ್ತಿರ ಪಟ್ಟಿಯಿರುತ್ತದೆ.

ಮೊದಲ ಗೋಷ್ಠಿಯಲ್ಲಿ ದವಡೆ-ಕತ್ತಿನ ತಪಾಸಣೆಯ ಪ್ರಾತ್ಯಕ್ಷಿಕೆ ಇದೆ. ಮಧ್ಯಾಹ್ನದ ಹೊತ್ತಿಗೆ ಆ ಎರಡು ಸಾಲುಗಳ ನಮೂನೆಯನ್ನು ಈ ಸಭೆಯೇ ಸಿದ್ಧಮಾಡಲಿ ಎಂದು ಕೇಳಿಕೊಳ್ಳುತ್ತೇನೆ.