ಬೂದಿ, ಉಪ್ಪು, ಪತ್ತನಾಜೆ

ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ ಈಗ ಅಂಗಳಕ್ಕಿಂತ ತಾರಸಿ ಹೆಚ್ಚು. ಹಿತ್ತಿಲಿನ ಬಸಳೆ ಮಹಡಿಯ ಕುಂಡಕ್ಕೆ ಏರಿದೆ. ಜೊತೆಗೆ ಅಜ್ಜಿಯಂದಿರ ಮಾತುಗಳೂ ಏರಿವೆ. ಎಲ್ಲವೂ ಅಲ್ಲಿ ನಡೆಯುತ್ತವೆಯೇ?

ಬಸಳೆಯ ಬುಡಕ್ಕೆ ಒಲೆಯ ಬೂದಿ ಹಾಕು ಎನ್ನುತ್ತಿದ್ದರು. ನಮ್ಮದು ಮುರಕಲ್ಲಿನ ಹುಳಿ ಮಣ್ಣು. ಜಡಿಮಳೆ ಅದರ ಸುಣ್ಣವನ್ನೂ ಪೊಟ್ಯಾಷನ್ನೂ ತೊಳೆದೊಯ್ಯುತ್ತದೆ. ಕಟ್ಟಿಗೆಯ ಬೂದಿಯಲ್ಲಿ ಇವೆರಡೂ ಇವೆ. ಅಜ್ಜಿಯ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಈಗಿನ ಒಲೆ ಗ್ಯಾಸಿನದು. ಕಸಕ್ಕೆ ಬೆಂಕಿ ಕೊಟ್ಟು, ಪ್ಲಾಸ್ಟಿಕ್ ಬೆರೆತ ಬೂದಿಯನ್ನು ಸೊಪ್ಪಿಗೆ ಸುರಿಯುವವರಿದ್ದಾರೆ. ಅದು ಅಜ್ಜಿ ಹೇಳಿದ ಬೂದಿಯಲ್ಲ.

ತೆಂಗಿನ ಬುಡಕ್ಕೆ ಉಪ್ಪು ಎಂದರೆ ನಗುವವರುಂಟು. ನಗಬೇಕಾಗಿಲ್ಲ. ತೆಂಗಿಗೆ ಬೇಕಾದ ಕ್ಲೋರಿನ್ ಅಂಶ ಉಪ್ಪಿನಲ್ಲಿದೆ. ಪೊಟ್ಯಾಷ್ ಮಾಡುವ ಕೆಲಸದಲ್ಲಿ ಸ್ವಲ್ಪವನ್ನು ಸೋಡಿಯಂ ಕೂಡ ಮಾಡುತ್ತದೆ. ಹಾಗೆಂದು ಉಪ್ಪೊಂದೇ ಸಾಲದು. 1916ರಲ್ಲಿ ಆರಂಭವಾದ ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರ, ಇಂದಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಫಲ ಕೊಡುವ ಮರಕ್ಕೆ ವರ್ಷಕ್ಕೆ 1,200 ಗ್ರಾಂ ಪೊಟ್ಯಾಷ್ ಅಂಶ ಕೊಡಿ ಎನ್ನುತ್ತದೆ. ಕುಂಡದ ಗಿಡಕ್ಕೆ ಮಾತ್ರ ಉಪ್ಪು ಹಾಕಬೇಡಿ, ಅದರ ಕತೆ ಅಲ್ಲಿಗೇ ಮುಗಿಯುತ್ತದೆ.

ಇನ್ನು ಪತ್ತನಾಜೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ. ಅಂದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದವೆಂದರೆ ತುಳುನಾಡಿನ ಮುಖ ಬೇಸಾಯದತ್ತ. ಬೆಂಡೆಬೀಜವನ್ನೂ ಆಗಲೇ ಹಾಕು ಎನ್ನುತ್ತಿದ್ದರು. ಆದರೆ ಮಳೆ ಪ್ರತಿವರ್ಷ ಅದೇ ದಿನಕ್ಕೆ ಬರುವುದಿಲ್ಲ. 2025ರಲ್ಲಿ ಮುಂಗಾರು ಕೇರಳ ಮುಟ್ಟಿದ್ದು ಮೇ 24ರಂದು, ಪತ್ತನಾಜೆಯ ಹೊತ್ತಿಗೇ. 2023ರಲ್ಲಿ ಜೂನ್ 8ರಂದು. ಎರಡು ವಾರದ ಅಂತರ ಸಣ್ಣದಲ್ಲ. ಪತ್ತನಾಜೆ ಕಳೆಯಲಿ, ಮೋಡ ನೋಡಿ, ರೇಡಿಯೋದ ಹವಾಮಾನ ವರದಿಯನ್ನೂ ಕೇಳಿ. ಬೆಂಡೆಬೀಜ ಆಮೇಲೆ ಹಾಕಿದರೂ ಆದೀತು.