ಮಂದ್ರ ಪಂಚಮಕ್ಕೆ ಕೋಣೆಯೂ ದನಿಗೂಡಿಸಿದರೆ

ಇವತ್ತಿನ ಮಾತು ಸ್ಪೀಕರಿನ ಬಗ್ಗೆ. ಯಾವುದು ಕೊಳ್ಳಬೇಕು, ಎಷ್ಟು ಬೆಲೆ ಎಂಬ ವಿಚಾರವಲ್ಲ. ಅದನ್ನು ಹೇಳಲು ಅಂಗಡಿಯವರು ಬೇಕಾದಷ್ಟು ಮಂದಿ ಇದ್ದಾರೆ. ಕೊಂಡು ತಂದ ಸ್ಪೀಕರನ್ನು ನಮ್ಮ ಫ್ಲಾಟಿನ ಹತ್ತು ಹನ್ನೆರಡು ಅಡಿಯ ಕೋಣೆಗೆ ಒಗ್ಗಿಸುವುದು ಹೇಗೆ ಎಂಬುದನ್ನು ಯಾರೂ ಹೇಳುವುದಿಲ್ಲ. ಹಾಗಾಗಿ ನಾನು ಹೇಳುತ್ತೇನೆ.

ಈಗ ಹಲವರ ಮನೆಗೆ ಬಂದಿರುವುದು ಆಕ್ಟಿವ್ ಸ್ಪೀಕರುಗಳು. ಹಿಂದೆ ಆಂಪ್ಲಿಫೈಯರ್ ಒಂದು ಪೆಟ್ಟಿಗೆ, ಸ್ಪೀಕರ್ ಇನ್ನೊಂದು ಪೆಟ್ಟಿಗೆ, ನಡುವೆ ತಂತಿ. ಇವುಗಳಲ್ಲಿ ಆಂಪ್ಲಿಫೈಯರ್ ಒಳಗೇ ಇರುತ್ತದೆ. ಒಳ್ಳೆಯವುಗಳಲ್ಲಿ ತಗ್ಗಿನ ದನಿಯ ದೊಡ್ಡ ಕೋನಿಗೆ ಒಂದು, ಏರುದನಿಯ ಟ್ವೀಟರಿಗೆ ಇನ್ನೊಂದು, ಹೀಗೆ ಬೇರೆ ಬೇರೆ ಆಂಪ್ಲಿಫೈಯರುಗಳು. ಬೆನ್ನಿನಲ್ಲಿ ಕರೆಂಟಿನ ತಂತಿ, ಒಂದು ತಿರುಗುಣಿ, ಒಂದೆರಡು ಪುಟ್ಟ ಸ್ವಿಚ್ಚುಗಳು. ಈ ಸ್ವಿಚ್ಚುಗಳನ್ನು ಮುಟ್ಟಿ ನೋಡಿದವರು ಎಷ್ಟು ಜನ? ನನಗೆ ಗೊತ್ತಿರುವ ಮನೆಗಳಲ್ಲಿ ಒಬ್ಬರೂ ಇಲ್ಲ. ಅವಕ್ಕೆ ಆಮೇಲೆ ಬರುತ್ತೇನೆ.

ಮಾಟುಂಗಾದಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರಿದ್ದಾರೆ. ರಾಯರು ಎನ್ನೋಣ. ಅವರ ತಂದೆ ದಿನಾ ಬೆಳಿಗ್ಗೆ ಹಾರ್ಮೋನಿಯಂ ಹಿಡಿದು ದಾಸರ ಪದ ಹಾಡುತ್ತಿದ್ದರಂತೆ. ಅದನ್ನು ಯಾರೋ ಕ್ಯಾಸೆಟ್ಟಿಗೆ ಹಿಡಿದಿಟ್ಟಿದ್ದರು. ಕ್ಯಾಸೆಟ್ಟಿಗೆ ಬೂಷ್ಟು ಹತ್ತಿತ್ತು. ಅಳಿಯ ಹೇಗೋ ಕಂಪ್ಯೂಟರಿಗೆ ಇಳಿಸಿದ ಪ್ರತಿಯೊಂದೇ ಈಗ ಉಳಿದಿರುವುದು. "ಟೇಪ್ ಕೆಟ್ಟದ ರೀ. ಅಪ್ಪನ ದನಿ ಕೇಳಸ್ತದ, ಮಾತು ತಿಳ್ಯೂದಿಲ್ಲ. ಎಲ್ಲಾ ಗುಂಯ್ ಅಂತದ" ಅಂದರು. ಒಬ್ಬರು ಅದನ್ನು 'ಶುದ್ಧ' ಮಾಡಿಕೊಡುವುದಾಗಿ, 150 ಹರ್ಟ್ಜ್‌ಗಿಂತ ಕೆಳಗಿನದ್ದನ್ನೆಲ್ಲ ಕತ್ತರಿಸಿ ಕೊಡುವುದಾಗಿ ಹೇಳಿದ್ದರಂತೆ. ಗಂಡಸಿನ ದನಿಯ ಬುಡ ಇರುವುದೇ ಸುಮಾರು 100 ಹರ್ಟ್ಜ್‌ನ ಆಸುಪಾಸಿನಲ್ಲಿ. ಇದ್ದ ಒಂದು ಪ್ರತಿಯ ಮೇಲೆ ಆ ಕತ್ತರಿ ಆಡಿಸಿದ್ದರೆ ತಂದೆಯ ಎದೆಯ ದನಿ ಶಾಶ್ವತವಾಗಿ ಹೋಗುತ್ತಿತ್ತು.

ಇಂಥ ಸಂದರ್ಭದಲ್ಲಿ ಮೊದಲು ಮಾಡಬೇಕಾದ ಪರೀಕ್ಷೆಗೆ ಖರ್ಚಿಲ್ಲ. ಅದೇ ಧ್ವನಿಮುದ್ರಣವನ್ನು ಹೆಡ್‌ಫೋನಿನಲ್ಲಿ ಕೇಳಿ. ಹೆಡ್‌ಫೋನಿಗೆ ಕೋಣೆ ಇಲ್ಲ. ಅಲ್ಲೂ ಗುಂಯ್ ಎಂದರೆ ದೋಷ ಮುದ್ರಣದ್ದು. ಅಲ್ಲಿ ಮಾತು ಬಿಡಿಬಿಡಿಯಾಗಿ ಕೇಳಿದರೆ, ಟೇಪನ್ನು ಬೈಯುವುದು ಬಿಟ್ಟು ಕೋಣೆಯನ್ನು ನೋಡಿ. ರಾಯರ ವಿಷಯದಲ್ಲಿ ಹೆಡ್‌ಫೋನ್ ಹಾಕಿದ ಕೂಡಲೇ ಪದದ ಒಂದೊಂದು ಅಕ್ಷರವೂ ತಿಳಿಯಿತು.

ಹಾಗಾದರೆ ಕೋಣೆ ಮಾಡುವುದೇನು? ಬಚ್ಚಲಿನ ತೊಟ್ಟಿಯಲ್ಲಿ ನೀರು ತುಂಬಿ ಕೈಯಿಂದ ಹಿಂದೆ ಮುಂದೆ ಓಲಾಡಿಸಿ ನೋಡಿ. ಒಂದು ಲಯಕ್ಕೆ ಸರಿಯಾಗಿ ತಳ್ಳಿದರೆ ನೀರು ಎರಡೂ ಅಂಚಿನಲ್ಲಿ ಏರಿ ಚೆಲ್ಲುತ್ತದೆ, ನಡುವೆ ಮಾತ್ರ ಹೆಚ್ಚು ಏರಿಳಿತವಿಲ್ಲ. ಕೈ ತೆಗೆದ ಮೇಲೂ ಸ್ವಲ್ಪ ಹೊತ್ತು ಓಲಾಡುತ್ತಲೇ ಇರುತ್ತದೆ. ಕೋಣೆಯ ಗಾಳಿಯೂ ಹೀಗೆಯೇ. ಎದುರುಬದುರು ಗೋಡೆಗಳ ನಡುವೆ ಅದಕ್ಕೆ ತನ್ನದೇ ಲಯಗಳಿವೆ. ಲೆಕ್ಕ ಸುಲಭ: ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಹೋಗುತ್ತದೆ, ಅದರ ಅರ್ಧ 565. ಇದನ್ನು ಕೋಣೆಯ ಉದ್ದದ ಅಡಿಗಳಿಂದ ಭಾಗಿಸಿದರೆ ಮೊದಲ ಲಯ ಬರುತ್ತದೆ. ಅದರ ಎರಡರಷ್ಟು, ಮೂರರಷ್ಟು ಅದರ ಮೇಲಿನವು. ಅಗಲಕ್ಕೆ, ಎತ್ತರಕ್ಕೆ ಬೇರೆ ಬೇರೆ ಲೆಕ್ಕ.

ರಾಯರ ಕೋಣೆ ಹನ್ನೊಂದೂವರೆ ಅಡಿ ಉದ್ದ, ಹತ್ತಡಿ ಅಗಲ. ಉದ್ದದ ಮೊದಲ ಲಯ 49 ಹರ್ಟ್ಜ್, ಎರಡನೆಯದು 98. ಅವರ ತಂದೆಯ ಹಾರ್ಮೋನಿಯಂ ಶ್ರುತಿ ಬಿಳಿ ಒಂದು. ಆ ಶ್ರುತಿಯ ಮಧ್ಯ ಷಡ್ಜ ಸುಮಾರು 131 ಹರ್ಟ್ಜ್, ಮಂದ್ರ ಪಂಚಮ 98. ಶ್ರುತಿಗೆ ಒತ್ತಿ ಹಿಡಿದ ಪಂಚಮ ಹಾಡಿನುದ್ದಕ್ಕೂ ನಿಲ್ಲುವುದೇ ಇಲ್ಲವಲ್ಲ! ಕೋಣೆಗೆ ಅದಕ್ಕಿಂತ ಇನ್ನೇನು ಬೇಕು? ಪದ ಪೂರ್ತಿ ಅದು ಆ ಒಂದೇ ಸ್ವರವನ್ನು ಉಬ್ಬಿಸಿ, ಮೇಲಿನ ಮಾತನ್ನೆಲ್ಲ ಮುಚ್ಚಿಹಾಕುತ್ತಿತ್ತು. ತಂಬೂರಿ ಹಿಡಿದ ಗಾಯನ ಕೇಳುವವರೂ ಇದನ್ನು ಗಮನಿಸಿ. ನಮ್ಮ ಸಂಗೀತದಲ್ಲಿ ಶ್ರುತಿ ಸದಾ ಇರುವುದರಿಂದ ಕೋಣೆಯ ಈ ಚೇಷ್ಟೆ ನಮಗೆ ಹೆಚ್ಚು ತಟ್ಟುತ್ತದೆ ಎಂದು ನನ್ನ ಅನಿಸಿಕೆ.

ಇನ್ನು ಅವರು ಕೂರುತ್ತಿದ್ದದ್ದು ಎಲ್ಲಿ? ಹಿಂದಿನ ಗೋಡೆಗೆ ತಾಗಿಸಿದ ಮಂಚದ ಮೇಲೆ, ಗೋಡೆಗೆ ಒರಗಿಕೊಂಡು. ನಮ್ಮಲ್ಲಿ ಮುಕ್ಕಾಲು ಪಾಲು ಜನ ಕೂರುವುದು ಹಾಗೆಯೇ. ತೊಟ್ಟಿಯ ನೀರು ಅಂಚಿನಲ್ಲಿ ಅತಿ ಹೆಚ್ಚು ಏರುವಂತೆ ತಗ್ಗಿನ ದನಿಯ ಒತ್ತಡವೂ ಗೋಡೆಯ ಬುಡದಲ್ಲೇ ಅತಿ ಹೆಚ್ಚು. ಎರಡನೆಯ ಲಯದ ಒತ್ತಡ ಗೋಡೆಗಳಲ್ಲೂ ನಟ್ಟನಡುವೆಯೂ ಹೆಚ್ಚು. ಉದ್ದದ ಕಾಲು ಭಾಗದಲ್ಲಿ ಕಡಿಮೆ. ಹನ್ನೊಂದೂವರೆಯ ಕಾಲು ಭಾಗ ಎಂದರೆ ಮೂರಡಿಗೆ ತುಸು ಕಡಿಮೆ. ಸರಿಯಾಗಿ ಅಲ್ಲೇ ಕೂತರೆ ಪಂಚಮ ಪೂರ್ತಿ ಸೊರಗುತ್ತದೆ. ಆದ್ದರಿಂದ ಒಂದು ಬೆತ್ತದ ಕುರ್ಚಿ ಹಾಕಿ, ತಲೆ ಗೋಡೆಯಿಂದ ಮೂರೂವರೆ ಅಡಿ ಮುಂದೆ ಬರುವಂತೆ ಕೂರಿಸಿದೆವು. ಗುಂಯ್‌ಕಾರದ ಬಹುಪಾಲು ಅಲ್ಲಿಗೇ ಇಳಿಯಿತು. ಒಂದು ಪೈಸೆ ಖರ್ಚಿಲ್ಲ. ಆ ಕುರ್ಚಿ ಓಡಾಡುವ ದಾರಿಗೆ ಅಡ್ಡ ಎಂದು ಮನೆಯವರು ಸ್ವಲ್ಪ ಗೊಣಗಿದರು, ಅದೊಂದು ಬೇರೆ.

ಮುಂದೆ ಸ್ಪೀಕರುಗಳ ಜಾಗ. ಒಂದು ಮೂಲೆಯಲ್ಲಿ ಉಕ್ಕಿನ ಕಪಾಟಿಗೆ ಆತುಕೊಂಡಿತ್ತು, ಇನ್ನೊಂದು ಬಾಲ್ಕನಿಯ ಬಾಗಿಲ ಪಕ್ಕ. ಹೀಗಿದ್ದರೆ ಒಂದಕ್ಕೆ ಮೂಲೆಯ ಬಲ, ಇನ್ನೊಂದಕ್ಕೆ ತೆರೆದ ಬಾಗಿಲು. ಹಾಡುವವರು ನಡುವೆ ನಿಲ್ಲುವ ಬದಲು ಕಪಾಟಿನ ಕಡೆ ವಾಲುತ್ತಾರೆ. ಎರಡೂ ಸ್ಪೀಕರುಗಳು ಪಕ್ಕದ ಗೋಡೆಗಳಿಂದ ಸಮ ದೂರದಲ್ಲಿರಲಿ. ನಿಮ್ಮ ತಲೆ ಮತ್ತು ಎರಡು ಸ್ಪೀಕರುಗಳು ಸೇರಿ ಸಮತ್ರಿಕೋನ ಆದರೆ ಉತ್ತಮ. ರಾಯರ ಕೋಣೆಯಲ್ಲಿ ಪಕ್ಕಾ ಆಗಲಿಲ್ಲ, ಹತ್ತಿರ ಬಂತು, ಸಾಕು. ಅಳೆಯಲು ಒಂದು ನೂಲಿನ ಉಂಡೆ ತೆಗೆದುಕೊಳ್ಳಿ. ಕುರ್ಚಿಯಲ್ಲಿ ಕೂತು ಮೂಗಿನ ತುದಿಯಿಂದ ಒಂದು ಸ್ಪೀಕರಿಗೆ, ಅದೇ ನೂಲನ್ನು ಇನ್ನೊಂದಕ್ಕೆ ಹಿಡಿದು ನೋಡಿ. ಒಂದಂಗುಲದ ವ್ಯತ್ಯಾಸವೂ ಇರದಂತೆ ಸರಿಸಿ. ಟ್ವೀಟರ್ ಕಿವಿಯ ಮಟ್ಟಕ್ಕಿರಲಿ. ಟೇಬಲ್ ತಗ್ಗಾದರೆ ಕೆಳಗೆ ಎರಡೆರಡು ಇಟ್ಟಿಗೆ, ಇಟ್ಟಿಗೆಯ ಮೇಲೊಂದು ದಪ್ಪ ರಬ್ಬರ್ ಹಾಳೆ.

ಹಿಂದಿನ ಗೋಡೆಯಿಂದ ಸ್ಪೀಕರನ್ನು ಎಷ್ಟು ದೂರ ಇಡಬೇಕು? ಪುಸ್ತಕಗಳು ಮೂರು ನಾಲ್ಕು ಅಡಿ ಎನ್ನುತ್ತವೆ. ನಮ್ಮ ಕೋಣೆಗಳಲ್ಲಿ ಅದು ಆಗದ ಮಾತು. ಆದರೂ ಆಗ್ರಹ ಮಾಡಿ ಮೂರಡಿ ತಂದರೆ ಇನ್ನೊಂದು ಪೇಚು. ಗೋಡೆಗೆ ಬಡಿದು ಮರಳುವ ದನಿ ನೇರ ಬರುವ ದನಿಗೆ ಎದುರಾಗಿ ಸುಮಾರು 94 ಹರ್ಟ್ಜ್‌ನಲ್ಲಿ ಹಳ್ಳ ಬೀಳುತ್ತದೆ. ಗೋಡೆಗೆ ಹತ್ತಿರ ಒತ್ತಿದರೆ ಆ ಹಳ್ಳ ಮೇಲಕ್ಕೆ ಸರಿಯುತ್ತದೆ. ಅಲ್ಲಿ ಸ್ಪೀಕರು ಹಿಂದಕ್ಕೆ ಬೀರುವ ದನಿಯೇ ಕಡಿಮೆ, ತೊಂದರೆಯೂ ಕಡಿಮೆ. ಆದ್ದರಿಂದ ಫ್ಲಾಟಿನವರು ಧೈರ್ಯವಾಗಿ ಗೋಡೆಯ ಹತ್ತಿರವೇ ಇಡಿ. ಬೆನ್ನಿನಲ್ಲಿ ಗಾಳಿಕಂಡಿ ಇದ್ದರೆ ನಾಲ್ಕಾರು ಅಂಗುಲ ಬಿಡಿ. ಮೂಲೆಗೆ ಮಾತ್ರ ಒತ್ತಬೇಡಿ.

ಗೋಡೆಯ ಹತ್ತಿರ ಇಟ್ಟಾಗ ತಗ್ಗಿನ ದನಿ ಉಬ್ಬುತ್ತದೆ, ನಿಜ. ಬೆನ್ನಿನ ಸ್ವಿಚ್ಚು ಇರುವುದೇ ಅದಕ್ಕೆ. ಯಮಹಾ ಎಚ್‌ಎಸ್5ರಲ್ಲಿ ಅದಕ್ಕೆ 'ರೂಮ್ ಕಂಟ್ರೋಲ್' ಎಂದು ಹೆಸರು. ಸೊನ್ನೆ, 2 ಡೆಸಿಬೆಲ್ ಕಡಿಮೆ, 4 ಡೆಸಿಬೆಲ್ ಕಡಿಮೆ ಎಂದು ಮೂರು ಜಾಗ. ಜೆಬಿಎಲ್ 305ಪಿಯ ಎರಡನೆಯ ಆವೃತ್ತಿಯಲ್ಲಿ ಒಂದೂವರೆ ಮತ್ತು ಮೂರು ಡೆಸಿಬೆಲ್. 1978ರಿಂದ ಫಿನ್ಲೆಂಡಿನಲ್ಲಿ ಆಕ್ಟಿವ್ ಸ್ಪೀಕರನ್ನೇ ಕಸುಬು ಮಾಡಿಕೊಂಡಿರುವ ಜೆನೆಲೆಕ್‌ನವರ ಪೆಟ್ಟಿಗೆಗಳ ಬೆನ್ನಿನಲ್ಲೂ ಇಂಥ ಪುಟ್ಟ ಸ್ವಿಚ್ಚುಗಳ ಸಾಲು ಇರುತ್ತದೆ. ನಿಮ್ಮದು ಯಾವುದೇ ಇರಲಿ, ಎರಡೂ ಸ್ಪೀಕರುಗಳಲ್ಲಿ ಒಂದೇ ಜಾಗಕ್ಕೆ ಹಾಕಿ. ಸರಿಯಾಯಿತೇ ಎಂದು ತಿಳಿಯಲು ಸಿನಿಮಾ ಹಾಡು ಬೇಡ. ವಾರ್ತೆ ಓದುವ ಗಂಡಸಿನ ದನಿ ಹಾಕಿ. ಕೊಡದೊಳಗೆ ಬಾಯಿಟ್ಟು ಮಾತಾಡಿದಂತೆ ಕೇಳಿದರೆ ಇನ್ನೊಂದು ಹಂತ ಇಳಿಸಿ. ಮೂಗಿನಲ್ಲಿ ಮಾತಾಡಿದಂತಾದರೆ ಇಳಿಸಿದ್ದು ಹೆಚ್ಚಾಯಿತು.

ಅಳತೆಯ ಹುಚ್ಚಿರುವವರಿಗೆ ಇನ್ನೂ ಮುಂದಿನ ದಾರಿ ಇದೆ. ರೂಮ್ ಇಕ್ಯು ವಿಜರ್ಡ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಯುಮಿಕ್-1 ಎಂಬ ಅಳತೆಯ ಮೈಕು ಕಂಪ್ಯೂಟರಿನ ಯುಎಸ್‌ಬಿಗೆ ನೇರ ಚುಚ್ಚುವಂಥದ್ದು. ಒಂದೊಂದು ಮೈಕಿಗೂ ಅದರದೇ ತಿದ್ದುಪಡಿಯ ಕಡತ ಕೊಡುತ್ತಾರೆ. ಫ್ಯಾನು, ಏಸಿ ಆರಿಸಿ, ಕಿವಿ ಇರುವ ಜಾಗದಲ್ಲಿ ಮೈಕು ಇಟ್ಟು, ಸಣ್ಣ ದನಿಯಲ್ಲೇ ಶುರು ಮಾಡಿ. ತಗ್ಗಿನಿಂದ ಏರಿಗೆ ಒಂದು ಊಳು ಹೋಗುತ್ತದೆ, ಪರದೆಯ ಮೇಲೆ ಗುಡ್ಡ ಕಣಿವೆಗಳ ಗೆರೆ ಮೂಡುತ್ತದೆ. ತಲೆಯ ಸುತ್ತ ಗೇಣು ಗೇಣು ಸರಿಸಿ ನಾಲ್ಕೈದು ಸಲ ಅಳೆದು ಸರಾಸರಿ ತೆಗೆಯಿರಿ. ಇಷ್ಟೆಲ್ಲ ಬೇಡ ಎನ್ನುವವರು ಮೊಬೈಲಿನಲ್ಲಿ ಸ್ವರ ಹೊರಡಿಸುವ ಆ್ಯಪ್ ಹಾಕಿಕೊಂಡು, ಅದನ್ನು ಸ್ಪೀಕರಿಗೆ ಜೋಡಿಸಿ, 40ರಿಂದ 150 ಹರ್ಟ್ಜ್‌ವರೆಗೆ ಮೆಲ್ಲಗೆ ಏರಿಸುತ್ತಾ ಎಲ್ಲಿ ಉಬ್ಬುತ್ತದೆ ಎಂದು ಕಾಗದದಲ್ಲಿ ಗುರುತು ಹಾಕಿಕೊಂಡರೂ ಅರ್ಧ ಕೆಲಸ ಆಯಿತು.

ಗೆರೆ ನೋಡಿದ ಮೇಲೆ ಎಲ್ಲರಿಗೂ ಕೈ ತುರಿಸುತ್ತದೆ, ಅದನ್ನು ನೆಟ್ಟಗೆ ಮಾಡಿಬಿಡೋಣ ಎಂದು. ತಾಳ್ಮೆ ಇರಲಿ. ಗುಡ್ಡವನ್ನು ಕಡಿಯಬಹುದು, ಕಣಿವೆಯನ್ನು ತುಂಬಲಾಗದು. ಕಣಿವೆ ಇರುವುದು ಎರಡು ದನಿಗಳು ಒಂದನ್ನೊಂದು ಕೊಂದುಕೊಳ್ಳುವಲ್ಲಿ. ನೀವು ಎಷ್ಟು ಸುರಿದರೂ ಎದುರಾಳಿಯೂ ಅಷ್ಟೇ ಬೆಳೆಯುತ್ತಾನೆ. 6 ಡೆಸಿಬೆಲ್ ಏರಿಸಬೇಕೆಂದರೆ ಆಂಪ್ಲಿಫೈಯರ್ ನಾಲ್ಕರಷ್ಟು ಶಕ್ತಿ ಕೊಡಬೇಕು. ಐದಂಗುಲದ ಪಾಪದ ಕೋನು ಅಷ್ಟು ಒದ್ದಾಡಿಯೂ ಪ್ರಯೋಜನವಿಲ್ಲ. ಕಣಿವೆಗೆ ಮದ್ದು ಕುರ್ಚಿ ಸರಿಸುವುದು, ಅಷ್ಟೇ. ರಾಯರ ಕಂಪ್ಯೂಟರಿನಲ್ಲಿ 98ರ ಹತ್ತಿರ ಉಳಿದಿದ್ದ ಗುಡ್ಡವನ್ನು ಇಕ್ವಲೈಜರ್ ಎಪಿಒ ಎಂಬ ಉಚಿತ ತಂತ್ರಾಂಶದಿಂದ, ಅಕ್ಕಪಕ್ಕದ ಸ್ವರಗಳಿಗೆ ತಾಗದಂತೆ ಕಿರಿದಾಗಿ, 5 ಡೆಸಿಬೆಲ್ ಇಳಿಸಿದೆವು. 300ಕ್ಕಿಂತ ಮೇಲೆ ಏನನ್ನೂ ಮುಟ್ಟಲಿಲ್ಲ. ಮುಖ್ಯವಾದ ಮಾತೆಂದರೆ ಈ ತಿದ್ದುಪಡಿ ಸ್ಪೀಕರಿಗೆ ಹೋಗುವ ದಾರಿಯಲ್ಲಿದೆ, ತಂದೆಯ ಹಾಡಿನ ಕಡತದಲ್ಲಿಲ್ಲ. ನಾಳೆ ಮನೆ ಬದಲಾದರೆ ತೆಗೆದುಹಾಕಬಹುದು. ಹಾಡು ಇದ್ದಂತೆಯೇ ಇರುತ್ತದೆ. ಈಗ ಪದದ ನಡುವೆ ಅವರು ಉಸಿರು ತೆಗೆದುಕೊಳ್ಳುವುದೂ, ಹಾರ್ಮೋನಿಯಂ ತಿದಿಯ ಸದ್ದೂ ಕೇಳಿಸುತ್ತದೆ.

ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವ ಸಲಹೆ ಯಾರಾದರೂ ಕೊಟ್ಟರೆ ನಕ್ಕು ಸುಮ್ಮನಾಗಿ. ಊರಿಂದ ತಂದ ಕೌದಿ ಇದ್ದರೆ ಪಕ್ಕದ ಗೋಡೆಗೆ ತೂಗುಹಾಕಿ. ಚಪ್ಪಾಳೆ ತಟ್ಟಿದಾಗ ಟಣ್ ಎನ್ನುವ ಟೈಲ್ಸ್ ಕೋಣೆಯ ಏರುದನಿ ಅದರಿಂದ ಶಾಂತವಾಗುತ್ತದೆ. ಆದರೆ 49 ಹರ್ಟ್ಜ್‌ನ ಅಲೆ 23 ಅಡಿ ಉದ್ದ. ಅದಕ್ಕೆ ಕೌದಿ ಲೆಕ್ಕಕ್ಕಿಲ್ಲ.

ಕರೆಂಟಿನ ಬಗ್ಗೆ ಒಂದು ಎಚ್ಚರಿಕೆ. ಕೆಲವರಿಗೆ ಹಾಡು ಇಲ್ಲದಾಗಲೂ ಸ್ಪೀಕರಿನಲ್ಲಿ ಸಣ್ಣ ಝೇಂಕಾರ ಬರುತ್ತದೆ. ಪ್ಲಗ್ಗಿನ ಮೂರನೇ ಪಿನ್ನು ತೆಗೆದರೆ ನಿಲ್ಲುತ್ತದೆ ಎಂದು ಹೇಳುವವರಿದ್ದಾರೆ. ಖಂಡಿತ ಮಾಡಬೇಡಿ. ಆ ಪಿನ್ನು ಇರುವುದು ನಿಮ್ಮ ಜೀವಕ್ಕಾಗಿ. ಕಂಪ್ಯೂಟರ್ ಮತ್ತು ಎರಡೂ ಸ್ಪೀಕರುಗಳನ್ನು ಒಂದೇ ಬೋರ್ಡಿಗೆ ಚುಚ್ಚಿ, ಬ್ಯಾಲೆನ್ಸ್‌ಡ್ ಕೇಬಲ್ ಬಳಸಿ. ಹಾಕುವಾಗ ಸ್ಪೀಕರ್ ಕೊನೆಗೆ, ಆರಿಸುವಾಗ ಸ್ಪೀಕರ್ ಮೊದಲು. ಆಗ ಧಡ್ ಎಂಬ ಹೊಡೆತ ಕೋನಿಗೆ ಬೀಳುವುದಿಲ್ಲ.

ಇಷ್ಟೆಲ್ಲ ಹೊಂದಿಸುವಾಗ ನೀವು ದಿನವೂ ಕೇಳುವ ಮಟ್ಟದಲ್ಲೇ ದನಿ ಇಟ್ಟುಕೊಳ್ಳಿ. ದನಿ ತಗ್ಗಿಸಿದಷ್ಟೂ ನಮ್ಮ ಕಿವಿಗೆ ಕೆಳಗಿನ ಸ್ವರಗಳು ಹೆಚ್ಚು ಸೊರಗಿದಂತೆ ಕೇಳುತ್ತವೆ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. ಜೋರಾಗಿ ಹಾಕಿ ಹೊಂದಿಸಿದ್ದು ರಾತ್ರಿಯ ಮೆಲುದನಿಗೆ ತೆಳುವೆನಿಸುತ್ತದೆ. ಆಗ ಬೇಕಾದರೆ ಬೆನ್ನಿನ ಸ್ವಿಚ್ಚನ್ನು ಒಂದು ಹಂತ ಮೇಲಕ್ಕೆ ಹಾಕಿಕೊಳ್ಳಿ, ದನಿಯನ್ನಲ್ಲ. ತಗ್ಗಿನ ಸ್ವರಗಳು ಗೋಡೆ ದಾಟಿ ಪಕ್ಕದ ಮನೆಗೆ ಎಲ್ಲಕ್ಕಿಂತ ಮೊದಲು ಹೋಗುತ್ತವೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಅಳತೆಯ ಊಳು ಹಾಕುವ ದಿನ ಮಧ್ಯಾಹ್ನವನ್ನೇ ಆರಿಸಿಕೊಳ್ಳಿ, ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಬಿಡಿ.