ಅರ್ಜಿಯಿಂದ ಪ್ರಶ್ನೆಯವರೆಗೆ



ಅಧಿವೇಶನದ ದಿನಗಳಲ್ಲಿ ಶಾಸಕರೊಬ್ಬರ ಕಚೇರಿಯಲ್ಲಿ ಕೆಲಸ ಕಲಿಯುವ ಅವಕಾಶ ನಿಮಗೆ ಸಿಕ್ಕಿತೆನ್ನಿ. ನಿಮ್ಮ ಮೇಜಿನ ಮೇಲೆ ಅರ್ಜಿಗಳ ಕಟ್ಟೇ ಇರುತ್ತದೆ. "ನಮ್ಮೂರ ಉರ್ದು ಶಾಲೆಗೆ ಮೇಷ್ಟ್ರಿಲ್ಲ" ಎಂದು ಒಬ್ಬ ತಂದೆ ಬರೆದಿರುತ್ತಾರೆ. ಆ ದೂರು ಹಾಗೆಯೇ ಸದನಕ್ಕೆ ಹೋಗದು. ಮಂಜೂರಾದ ಹುದ್ದೆ ಎಷ್ಟು? ಖಾಲಿ ಎಷ್ಟು, ಯಾವಾಗಿನಿಂದ? ಭರ್ತಿಗೆ ಕೈಗೊಂಡ ಕ್ರಮವೇನು? ಹೀಗೆ ಬಿಡಿಸಿ ಬರೆದಾಗ ಅದು ಪ್ರಶ್ನೆಯಾಗುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಮೌಖಿಕವಾಗಿ ಉತ್ತರಿಸುತ್ತಾರೆ, ಉಪಪ್ರಶ್ನೆಗೂ ಅವಕಾಶವುಂಟು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ. ಯಾವುದಾದರೂ ಶಾಸಕರ ಸಹಿಯೊಂದಿಗೆ ಗಡುವಿನೊಳಗೆ ತಲುಪಬೇಕು. ನೀವು ತಡಮಾಡಿದರೆ ಆ ಮಕ್ಕಳು ಇನ್ನೊಂದು ಅಧಿವೇಶನ ಕಾಯಬೇಕಾದೀತು.

ನಾನು ಉರ್ದು, ಕನ್ನಡ ಎರಡನ್ನೂ ಕಲಿಸುವವನು. ಮನೆಯಲ್ಲಿ ಉರ್ದು ಬೆಳಗಲಿ. ಆದರೆ ಸರ್ಕಾರದ ಕಡತ ನಡೆಯುವುದು ಕನ್ನಡದಲ್ಲಿ. ವಿಧಾನಸೌಧದ ಹೊರಗೆ ಅರ್ಜಿ ಹಿಡಿದು ನಿಲ್ಲುವುದು ನಮಗೆ ಗೊತ್ತು. 224 ಸದಸ್ಯರ ವಿಧಾನಸಭೆಯಲ್ಲಿ ಅದನ್ನು ಪ್ರಶ್ನೆಯಾಗಿಸಬಲ್ಲ ಕೈಗಳೂ ನಮ್ಮಲ್ಲಿ ಬೇಕು.

ಈ ವಾರ ನಿಮ್ಮ ಬೀದಿಯ ಒಂದು ಕೊರತೆಯನ್ನು ನಾಲ್ಕು ಸಾಲಿನ ಕನ್ನಡ ಪ್ರಶ್ನೆಯಾಗಿ ಬರೆದು ತನ್ನಿ. ತಿದ್ದಿಕೊಡುವ ಹೊಣೆ ನನ್ನದು.